ಬಲೆಗೆ ಬಿದ್ದ ಒಣಮೀನು

ಮುಕ್‌ಜಿನ್ ಬಂದರು
೩ ನವೆಂಬರ್ ೨೦೨೩

ಯೊನ್‌ಸಿಲ್‌ಳ ಅಮ್ಮನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಗಟ್ಟಿಯಾಗಿದ್ದೀಯ ಎಂದು ಮಗಳು ಹೇಳಿದಳು. ನಲವತ್ತೆರಡು ವರ್ಷ ಒಂದು ಸಾಲು ಬರೆಯದವನು ಈಗ ಬರೆದನೆಂದರೆ ಸಾಯಲು ಮಲಗಿದ್ದಾನೆ ಎಂದುಕೊಳ್ಳಬೇಡ. ಮಂಡಿ ಒಂದು ಬಿಟ್ಟರೆ ಎಲ್ಲ ಸರಿ ಇದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಕನ್ನಡಕ ಹಾಕಿಕೊಂಡು ಓದು. ಒಲೆಗೆ ಹಾಕುವುದಾದರೆ ಪೂರ್ತಿ ಓದಿ ಹಾಕು.

ಮೊನ್ನೆ ನನ್ನ ಕೇಸಿನ ಮರುವಿಚಾರಣೆ ಮುಗಿಯಿತು. ಮಂಜಿನಲ್ಲಿ ನಮ್ಮ ದೋಣಿಯನ್ನು ಉತ್ತರ ಕೊರಿಯಾದವರು ಎಳೆದೊಯ್ದದ್ದು, ಒಂದು ವರ್ಷ ಇಟ್ಟುಕೊಂಡು ಬಿಟ್ಟದ್ದು, ಬಂದಿಳಿದ ಕೂಡಲೇ ನಮ್ಮ ಪೊಲೀಸರೇ ಗೂಢಚಾರ ಎಂದು ಹಿಡಿದು ಬಡಿದದ್ದು, ಏಳು ವರ್ಷದ ಜೈಲು, ಇದ್ಯಾವುದೂ ನಿನಗೆ ಹೊಸದಲ್ಲ. ನನ್ನ ವಿರುದ್ಧದ ಹೇಳಿಕೆಗೆ ನೀನು ಹೆಬ್ಬೆಟ್ಟು ಒತ್ತಿದ್ದೆ. ಹೊರಗೆ ಬಂದ ಮೇಲೆ ಅದನ್ನೇ ಹಿಡಿದುಕೊಂಡು ಎರಡು ವರ್ಷ ನಿನ್ನ ಮುಖ ನೋಡದೆ ಗೋಡೆ ನೋಡಿ ಉಂಡೆ. ನೀನೂ ಎಷ್ಟು ತಡೆದೀಯ? ಮಗಳನ್ನು ಕರೆದುಕೊಂಡು ಬೆಟ್ಟದ ಮೇಲಿನ ತವರಿಗೆ, ನಿಮ್ಮಪ್ಪನ ಮೀನು ಒಣಗಿಸುವ ಅಂಗಳಕ್ಕೆ ಹೋದೆ.

ಈಗ ನಡೆದದ್ದನ್ನು ಕೇಳು. ಸಿಯೋಲ್‌ನಿಂದ ಬಂದ ಲಾಯರ್ ಹುಡುಗಿ ಹಳೆಯ ಕಡತ ತೆಗೆಸಿ, ನನ್ನ ತಪ್ಪೊಪ್ಪಿಗೆ ಹೇಳಿಕೆಯನ್ನು ನನಗೆ ಓದಿ ಹೇಳಿದಳು. ನಲವತ್ತು ಪುಟ, ಪುಟದ ತುಂಬ ಆಗ ಓದಿದವರಷ್ಟೇ ಬರೆಯುತ್ತಿದ್ದ ಚೀನೀ ಅಕ್ಷರ. ನನ್ನ ಹೆಸರನ್ನೇ ಆ ಅಕ್ಷರದಲ್ಲಿ ಬರೆಯಲು ಬಾರದ ನಾನು ಇಂಥ ಪಂಡಿತ ಎಂದು ನನಗೇ ಗೊತ್ತಿರಲಿಲ್ಲ. ಅಂದು ಹೆಬ್ಬೆಟ್ಟು ಒತ್ತು ಎಂದರು, ಒತ್ತಿದ್ದೆ. ಓದಿದವರು ಯಾರು? ಹತ್ತೊಂಬತ್ತನೇ ಪುಟದಲ್ಲಿ ಹೀಗಿತ್ತು: ಬಲೆ ಎಳೆದಾಗ ಮುನ್ನೂರು ಹ್ವಾಂಗ್‌ಟೆ ಸಿಕ್ಕವು, ಅವುಗಳ ಕೆಳಗೆ ಬಂದರಿನ ನಕ್ಷೆ ಬಚ್ಚಿಟ್ಟು ಉತ್ತರದವರಿಗೆ ಒಯ್ದೆ.

"ಏನಂದೆ? ಇನ್ನೊಂದ್ಸಲ ಓದೇ," ಎಂದೆ.

"ಯಾಕಜ್ಜಾ, ಹ್ವಾಂಗ್‌ಟೆ ಅಂದ್ರೆ ಮೀನು ತಾನೆ?"

"ಮೀನೇ ಕಣೇ! ಕಡಲಲ್ಲಿ ಇರೋವಾಗ ಅದು ಮ್ಯೊಂಗ್‌ಟೆ. ಬೆಟ್ಟಕ್ಕೆ ಹೊತ್ತು, ಹಿಮದಲ್ಲಿ ನಾಲ್ಕು ತಿಂಗಳು ನೇತು ಹಾಕಿ, ಕಟ್ಟಿಗೆ ಥರ ಒಣಗಿ ಹಳದಿ ಬಣ್ಣಕ್ಕೆ ತಿರುಗಿದ್ಮೇಲೆ ಹ್ವಾಂಗ್‌ಟೆ. ಒಣಮೀನು ಕಡಲಲ್ಲಿ ಈಜ್ತದೇನೇ?"

ಹುಡುಗಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು. ನನಗೆ ಮೈ ಉರಿಯಿತು. ಆ ಪುಟವನ್ನು ಮೂರು ಕೋರ್ಟಿನವರು ಓದಿದ್ದರು. ಕುಡಿದ ಮರುದಿನ ಬೆಳಿಗ್ಗೆ ಹ್ವಾಂಗ್‌ಟೆ ಸಾರು ಹೀರಿದವರೇ ಎಲ್ಲರೂ. ಅದು ಎಲ್ಲಿಂದ ಬರುತ್ತದೆ ಎಂದು ಒಬ್ಬ ಗಂಡಸೂ ಕೇಳಲಿಲ್ಲ.

ಸಾಕ್ಷಿ ಹೇಳಲು ಪ್ಯೋನನ್ನು ಕರೆಸಿದ್ದರು. ಅದೇ, ನಮ್ಮಿಬ್ಬರನ್ನೂ ವಿಚಾರಿಸಿದ ಪೊಲೀಸಿನವನು. ಎಂಬತ್ತೆರಡಾಗಿದೆ, ಕೆನ್ನೆ ಇನ್ನೂ ಸೇಬಿನ ಹಾಗಿದೆ. ಕೋಟಿನ ಮೇಲೆ ಪದಕ. ನನ್ನನ್ನು ಹಿಡಿದದ್ದಕ್ಕೇ ಕೊಟ್ಟ ಪದಕ.

"ಇವರನ್ನು ತಲೆಕೆಳಗೆ ನೇತು ಹಾಕಿದ್ರಾ?" ಎಂದು ಹುಡುಗಿ ಕೇಳಿದಳು.

"ವಯಸ್ಸಾಯ್ತಮ್ಮ, ನೆನಪಿಲ್ಲ."

"ಈ ಹೇಳಿಕೆ ಬರೆದದ್ದು ಯಾರು?"

"ಅವನೇ ಬರ್ಕೊಂಡಿರಬೇಕು. ನೆನಪಿಲ್ಲ."

"ಪದಕ ಯಾವತ್ತು ಸಿಕ್ಕಿತು?"

"ಎಪ್ಪತ್ಮೂರು, ಮೇ ಹನ್ನೊಂದು. ಬೆಳಿಗ್ಗೆ ಹತ್ತು ಗಂಟೆ. ಸ್ವಲ್ಪ ಮೋಡ ಇತ್ತು."

ನಾನು ಎದ್ದು ನಿಂತು ಒಂದು ಮಾತು ಬೈದೆ. ಇನ್ನೊಂದು ಬೈದರೆ ಹೊರಗೆ ಕಳಿಸುತ್ತೇನೆ ಎಂದರು ನ್ಯಾಯಾಧೀಶರು. ನನ್ನ ಬಳಿ ಇನ್ನೂ ಎಂಟು ಹತ್ತು ಇದ್ದವು, ನುಂಗಿಕೊಂಡು ಕೂತೆ.

ಆಮೇಲೆ ಹುಡುಗಿ ಹತ್ತೊಂಬತ್ತನೇ ಪುಟವನ್ನು ಜೋರಾಗಿ ಓದಿದಳು. ಹಿಂದಿನ ಬೆಂಚಿನ ತುಂಬ ನಮ್ಮ ಬಂದರಿನ ಮೀನು ಮಾರುವ ಹೆಂಗಸರು. ಅವರಲ್ಲಿ ಒಬ್ಬಳು, "ಅಯ್ಯೋ, ಒಣಗಿಸೋ ಕೆಲಸವೇ ಇಲ್ವಲ್ಲ! ಆ ಜಾಗ ಎಲ್ಲಿದೆ ನಮಗೂ ತೋರ್ಸಪ್ಪಾ!" ಎಂದಳು. ಇನ್ನೊಬ್ಬಳು, "ಸಾರಾಗೇ ಸಿಗ್ತಿತ್ತೇನೋ, ಇನ್ನೂ ಸ್ವಲ್ಪ ಆಳಕ್ಕೆ ಬಿಡ್ಬೇಕಿತ್ತು!" ಎಂದಳು. ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರು ಲೋಟ ಅಡ್ಡ ಹಿಡಿದು ನೀರು ಕುಡಿದರು, ತುಂಬ ಹೊತ್ತು ಕುಡಿದರು.

ಪ್ಯೋನನ್ನು ನೋಡಿ ಜನ ನಡುಗಿದ್ದುಂಟು, ನಕ್ಕದ್ದಿಲ್ಲ. ಮುಖ ಕೆಂಪಡರಿ, ಎದ್ದು ಕಟಕಟೆ ಗುದ್ದಿದ.

"ನಗಬೇಡ್ರೀ! ನಾನೇನು ದಡ್ಡನಾ? ಅವನ ಹೆಂಡ್ತಿನೇ ಹೇಳಿದ್ದು! ಹತ್ತು ದಿನ ನಿದ್ದೆ ಮಾಡಕ್ಕೆ ಬಿಡ್ಲಿಲ್ಲ, ಹನ್ನೊಂದನೇ ದಿನ ಬಾಯಿ ಬಿಟ್ಲು, ಅವತ್ತು ಹ್ವಾಂಗ್‌ಟೆ ಹಿಡಿದ್ರು ಅಂತ! ಅವಳು ಹೇಳಿದ್ದನ್ನೇ ನಾನು ಬರೆದೆ!"

ನಗು ನಿಂತಿತು.

"ಹಾಗಾದರೆ ಬರೆದದ್ದು ನೀವು," ಎಂದರು ನ್ಯಾಯಾಧೀಶರು.

ಅವನು ಕೂತ. ಕೂತು, ನೆನಪಿಲ್ಲ ಎಂದ. ಆದರೆ ಟೈಪಿಸ್ಟ್ ಹೆಣ್ಣುಮಗಳು ಅಷ್ಟೂ ಹೊಡೆದಾಗಿತ್ತು.

ಅವನಿಗೆ ಶಿಕ್ಷೆ ಇಲ್ಲ. ಕಾಲಮಿತಿ ಮುಗಿದಿದೆಯಂತೆ. ನನ್ನ ಮಂಡಿಯ ನೋವಿಗೆ ಕಾಲಮಿತಿ ಯಾವಾಗ ಎಂದು ಹುಡುಗಿಯನ್ನು ಕೇಳಿದೆ. ಪದಕ ಹಿಂಪಡೆಯುವ ಬಗ್ಗೆ ಪರಿಶೀಲಿಸುತ್ತೇವೆ ಎಂದು ಸರ್ಕಾರಿ ಕಚೇರಿಯವರು ಬರೆದಿದ್ದಾರೆ. ಅವನು ಟ್ಯಾಕ್ಸಿ ಹತ್ತಿ ಮನೆಗೆ ಹೋದ. ಮೀನು ಹೆಂಗಸರು ಟ್ಯಾಕ್ಸಿಯ ಹಿಂದೆಯೇ "ಹ್ವಾಂಗ್‌ಟೆ! ಹ್ವಾಂಗ್‌ಟೆ!" ಎಂದು ಕೂಗಿಕೊಂಡು ಹೋದರು. ಸದ್ಯಕ್ಕೆ ಅವನಿಗಾದ ಶಿಕ್ಷೆ ಅಷ್ಟೇ.

ನಾನು ಮಾತ್ರ ಬೆಂಚಿನಿಂದ ಏಳಲಿಲ್ಲ. ನೀನು ಆ ಅಂಗಳದಲ್ಲೇ ಹುಟ್ಟಿದವಳು. ನಡೆಯಲು ಕಲಿಯುವ ಮೊದಲೇ ಹಸಿ ಮೀನು ಯಾವುದು, ಒಣ ಮೀನು ಯಾವುದು ಎಂದು ಬಲ್ಲವಳು. ಅದು ಬಾಯಿ ತಪ್ಪಿ ಬಂದ ಮಾತಲ್ಲ. ಕಡಲು ಕಂಡ ಯಾರಾದರೂ ಓದಲಿ, ಓದಿದ ಕೂಡಲೇ ಇದೆಲ್ಲ ಸುಳ್ಳು ಎಂದು ತಿಳಿಯಲಿ ಎಂದು ನೀನು ಆ ಮೀನನ್ನು ಅಲ್ಲಿ ಇಟ್ಟೆ, ಅಲ್ಲವೇ? ಹತ್ತು ದಿನ ನಿದ್ದೆಗೆಟ್ಟೂ ನಿನ್ನ ತಲೆ ಓಡಿತು. ಹೊಟ್ಟೆ ತುಂಬ ಉಂಡು ಮಲಗಿದ ನನ್ನ ತಲೆ ಇಷ್ಟು ವರ್ಷ ಓಡಲಿಲ್ಲ.

ತೀರ್ಪು ಹದಿನಾಲ್ಕನೇ ತಾರೀಕಿಗೆ. ನೀನು ಬಂದು ನನ್ನ ಪಕ್ಕದಲ್ಲಿ ಕೂರಬೇಕು. ನಿರ್ದೋಷಿ ಎಂಬ ಮಾತನ್ನು ನೀನಿಲ್ಲದೆ ಕೇಳಲು ನನಗೆ ಇಷ್ಟವಿಲ್ಲ. ನಿಮ್ಮೂರಿಂದ ಬಸ್ಸು ಎಂಟೂವರೆಗೆ. ಚಳಿ ಇದೆ, ದಪ್ಪ ಕೋಟು ಹಾಕಿಕೋ.

ಯೊನ್‌ಸಿಲ್‌ಳ ಅಪ್ಪ,
ಟಾಕ್ ಪಾನ್‌ಸುಲ್

ತಾ.ಕ.: ಇದನ್ನು ಮೇಲೆ ಬರೆಯಲು ಮರೆತೆ ಎಂದರೆ ನಾನೂ ಪ್ಯೋನ ಸಾಲಿಗೆ ಸೇರುತ್ತೇನೆ. ಮರೆತಿಲ್ಲ, ಹೆದರಿದೆ. ನಿನ್ನನ್ನು ಅವರು ಹಿಡಿದದ್ದು ನಾನು ನಿನ್ನ ಹೆಸರು ಹೇಳಿದ್ದರಿಂದ. ನನ್ನನ್ನು ಹಿಡಿದ ಒಂಬತ್ತನೇ ದಿನ, ನನ್ನ ಹೆಂಡತಿಗೂ ಎಲ್ಲ ಗೊತ್ತು ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ. ನಿನಗಿಂತ ಮೊದಲು ಒತ್ತಿದವನು ನಾನು. ಆ ಕಾಗದವನ್ನು ಮೊದಲ ದಿನವೇ ನಿನಗೆ ತೋರಿಸಿದರು ಎಂದು ಕಡತದಲ್ಲಿದೆ. ನೋಡಿಯೂ ನೀನು ನನಗೋಸ್ಕರ ಮೀನು ಇಟ್ಟೆ. ಬರುವುದಾದರೆ ನಿಮ್ಮ ಅಂಗಳದ ಹ್ವಾಂಗ್‌ಟೆ ಒಂದು ತಾ, ಸಾರು ನಾನು ಮಾಡುತ್ತೇನೆ. ನೀನು ಗೋಡೆಗೆ ಬೆನ್ನು ಹಾಕಿ ಕೂರು. ನನಗೆ ಆ ಕಡೆ ನೋಡಿಯೇ ಉಂಡು ಅಭ್ಯಾಸ.