ಗರಿಗರಿ ಮೂಲೆ ಯಾರ ತಟ್ಟೆಗೆ

ಅಡುಗೆಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಕು,
ಬೆಳಿಗ್ಗೆ ಹನ್ನೊಂದೂವರೆ

ಪ್ರೀತಿಯ ಅತ್ತೆ,

ಮಂಡಿ ಹೇಗಿದೆ? ಆಪರೇಷನ್ ಆದ ಕಾಲನ್ನು ಡಾಕ್ಟರು ಹೇಳಿದಷ್ಟು ಮಡಚಲು ಆಗುತ್ತಿದೆಯೇ? ಕೋಲಿಲ್ಲದೆ ಬಾಗಿಲ ತನಕ ಹೋಗಿಬಂದಿರಂತೆ, ಕೇಳಿ ಖುಷಿಯಾಯಿತು. ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಡುವ ನಿಮ್ಮ ಹಳೆಯ ಚಾಳಿ ಅಲ್ಲಿ ನಡೆಯುತ್ತಿಲ್ಲ ಅಂದುಕೊಂಡಿದ್ದೇನೆ. ಇಲ್ಲಿ ನಿಮ್ಮ ಹಿರಿಮಗ ಚೆನ್ನಾಗಿದ್ದಾರೆ. ಸ್ಟೀರಿಂಗ್ ಮುಂದೆ ಕೂತು ಕೂತು ಈಗ ಬಸ್ಸಿಗಿಂತ ಮೊದಲು ಅವರ ಹೊಟ್ಟೆಯೇ ಸ್ಟಾಪು ತಲುಪುತ್ತದೆ. ಮೊಮ್ಮಗಳ ಪರೀಕ್ಷೆ ಮುಗಿದಿದೆ, ಮಾತು ಮುಗಿದಿಲ್ಲ. ನಾನು ಮಾತ್ರ ಚೆನ್ನಾಗಿಲ್ಲ. ನನಗೆ ಹೊಟ್ಟೆಕಿಚ್ಚು. ಕಲಬೆರಕೆಯಿಲ್ಲದ, ಹಗಲೂ ಹೊತ್ತಿ ಉರಿಯುವ ಹೊಟ್ಟೆಕಿಚ್ಚು. ನಿಮ್ಮ ಕಿರಿಸೊಸೆಯ ಮೇಲೆ.

ಮೂರು ವಾರಕ್ಕೆಂದು ಅವಳ ಮನೆಗೆ ಹೋದಿರಿ. ಆಸ್ಪತ್ರೆಗೆ ಆ ಮನೆ ಹತ್ತಿರ ಎಂದು ನಾನೂ ಒಪ್ಪಿದ್ದೆ. ಈಗ ನಾಲ್ಕು ತಿಂಗಳಾಯಿತು. ಹೋದ ಗುರುವಾರ ಸಂಜೆ ನೀವು ಫೋನ್ ಮಾಡಿದಾಗ ನಿಮ್ಮ ಮಗ ಸ್ಪೀಕರ್ ಹಾಕಿದ್ದರು. ನಾನು ತವೆಯ ಮುಂದಿದ್ದೆ, ಇನ್ನೆಲ್ಲಿರುತ್ತೇನೆ? "ಒಂದೇ ಪಾತ್ರೆ ಕಣೋ. ಎಲ್ಲಾ ಅದರೊಳಗೇ. ಓವನ್ನಿಗೆ ಇಟ್ಟರೆ ಮುಗೀತು. ಎಲ್ರೂ ಒಟ್ಟಿಗೆ ಕೂತ್ಕೊಂಡು ಊಟ ಮಾಡ್ತೀವಿ. ಎಂಥಾ ಆರಾಮ ಗೊತ್ತಾ?" ಅಂದಿರಿ. ತವೆಯ ಮೇಲಿನ ರೊಟ್ಟಿ ಕರಕಲಾಯಿತು. ಹತ್ತೊಂಬತ್ತು ವರ್ಷ, ಅತ್ತೆ! ಈ ಮನೆಯಲ್ಲಿ ಹುರಿದದ್ದು ಬೇರೆ, ಬೇಯಿಸಿದ್ದು ಬೇರೆ, ಕಲಸಿಕೊಳ್ಳಲು ಬೇರೆ, ರೊಟ್ಟಿ ತವೆಯಿಂದ ನೇರ ತಟ್ಟೆಗೆ. "ತಟ್ಟೇಲಿ ಹೊಗೆ ಆಡದಿದ್ರೆ ಅದೂ ಒಂದು ಊಟಾನೇನೇ?" ಎಂದು ಕೇಳುತ್ತಿದ್ದವರು ನೀವೇ. ಅಲ್ಲಿ ತಿಂದು ಹೊಗಳುತ್ತಿದ್ದೀರಲ್ಲ, ಅದಕ್ಕೆ ಕ್ಯಾಸರೋಲ್ ಅನ್ನುತ್ತಾರಂತೆ. ಆ ಹೆಸರಿನದು ನಮ್ಮಲ್ಲೂ ಒಂದಿದೆ, ರೊಟ್ಟಿ ಬೆಚ್ಚಗಿಡುವ ಡಬ್ಬಿ. ಅದನ್ನಾದರೂ ಬಳಸಲು ಬಿಟ್ಟಿರಾ? ಡಬ್ಬಿಯಲ್ಲಿ ರೊಟ್ಟಿ ಬೆವರುತ್ತದೆ ಅಂದಿರಿ. ರೊಟ್ಟಿ ಬೆವರಬಾರದು, ಸೊಸೆ ಬೆವರಬಹುದು.

ದಿನಕ್ಕೆ ಎಂಟು ಗಂಟೆ ಬಟ್ಟೆ ಕಾರ್ಖಾನೆಯ ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಿದ್ದವಳು ನಾನು. ಕಾಲರು, ತೋಳು, ಬೆನ್ನು. ಮತ್ತೆ ಕಾಲರು, ತೋಳು, ಬೆನ್ನು. ಕೂರಲು ಸ್ಟೂಲು ಕೊಡಿ ಎಂದು ಹೋದ ವರ್ಷ ಇಪ್ಪತ್ತಾರು ದಿನ ಗೇಟಿನ ಮುಂದೆ ಧರಣಿ ಹೂಡಿದೆವಲ್ಲ, ಆಗ ಮೈಕು ಹಿಡಿದು "ನಮ್ಮ ಕಾಲು ಕಬ್ಬಿಣದ್ದಲ್ಲ!" ಎಂದು ಮಾಲೀಕನ ಕಿಟಕಿ ಅದುರುವಂತೆ ಕೂಗಿದವಳು ನಾನೇ. ಸ್ಟೂಲು ಬಂತು. ಅವತ್ತು ಸಂಜೆ ಗೆದ್ದು ಮನೆಗೆ ಬಂದು ಒಲೆಯ ಮುಂದೆ ನಿಂತೆ. ಪಕ್ಕದ ಮೇಜಿನವಳೊಬ್ಬಳಿದ್ದಾಳೆ, ನಾಲಗೆಯ ದೆಸೆಯಿಂದ ಎಲ್ಲರೂ ಅವಳನ್ನು ಕತ್ತರಿ ಅಂತಲೇ ಕರೆಯುವುದು. ಮಾರನೆಯ ದಿನ ಕೇಳಿದಳು: "ಲೀಡರಮ್ಮಾ, ಮನೆ ಗೇಟಿನ ಮುಂದೆ ಯಾವಾಗ ಧರಣಿ?" ನಕ್ಕು ಮುಂದಿನ ಕಾಲರು ಎಳೆದುಕೊಂಡೆ. ನಿಮ್ಮ ಕಿರಿಸೊಸೆಯಾದರೋ ಹಲ್ಲಿನ ಡಾಕ್ಟರ ಬಳಿ ರಿಸೆಪ್ಷನ್ ಮೇಜಿನ ಹಿಂದೆ ಕೂರುವವಳು. ಕೂತು ದುಡಿದವಳು ಮನೆಯಲ್ಲೂ ಕೂತೇ ಉಣ್ಣುತ್ತಾಳೆ. ನಿಂತು ದುಡಿದವಳು ನಿಂತೇ ಉಣ್ಣುತ್ತಾಳೆ, ಅದೂ ತಳ ಕೆರೆದದ್ದನ್ನು. ಯಾವ ನ್ಯಾಯ ಇದು?

ಹೋದ ತಿಂಗಳು ನಿಮ್ಮನ್ನು ನೋಡಲು ಬಂದಾಗ ಕಣ್ಣಾರೆ ಕಂಡೆ. ಅಗಲದ ಗಾಜಿನ ಪಾತ್ರೆ. ತಳಕ್ಕೆ ಆಲೂಗಡ್ಡೆ ಬಿಲ್ಲೆ, ಅದರ ಮೇಲೆ ಕೋಳಿ ಚೂರು, ಬಟಾಣಿ, ಕ್ಯಾರೆಟ್, ಹಾಲು ಮೈದಾ ಕಾಯಿಸಿದ ಬಿಳಿ ಸಾಸು, ಎಲ್ಲದರ ಮೇಲೆ ಚೀಸು, ಬ್ರೆಡ್ಡಿನ ಪುಡಿ. ಓವನ್ ಬಾಗಿಲು ಮುಚ್ಚಿದಳು, ಚಾಕು ತೊಳೆದಳು, ಕೈ ಒರೆಸಿಕೊಂಡು ಬಂದು ನಿಮ್ಮ ಕಾಲ ಬಳಿ ಕೂತಳು. ನಲವತ್ತೈದು ನಿಮಿಷ ಮಂಡಿಗೆ ಎಣ್ಣೆ ಹಚ್ಚಿ ನೀವುತ್ತ ನಿಮ್ಮ ಜೊತೆ ಹರಟಿದಳು. ನೀವು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಿರಿ. ನಿಮಗೆ ಹಾಗೊಂದು ನಗು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ನನ್ನ ಕಿಚ್ಚು ಹೊತ್ತಿಕೊಂಡದ್ದು ಆ ಎಣ್ಣೆಗೆ, ಅತ್ತೆ. ಕಾಲು ನೀವಲು ನನ್ನ ಕೈಗೂ ಬರುತ್ತದೆ. ನನಗೆ ಬಿಡುವು ಎಲ್ಲಿತ್ತು? ಊಟದ ಹೊತ್ತಿಗೆ ಎಲ್ಲರೂ ಕೂತರೆ ನಾನು ಅಭ್ಯಾಸಬಲದಿಂದ ಒಲೆಯ ಪಕ್ಕ ಹೋಗಿ ನಿಂತೆ. "ಅಕ್ಕ ಇನ್ನೂ ಡ್ಯೂಟಿ ಮೇಲೇ ಇದಾರೆ" ಎಂದು ಅವಳು ನಕ್ಕಳು. ನೀವು "ಕೂತ್ಕೊಳ್ಳೇ, ಬಡಿಸೋಕೆ ಇಲ್ಲೇನಿದೆ?" ಅಂದಿರಿ. ಆ ಮಾತನ್ನು ಕೇಳಲು ನಾನು ಇನ್ನೊಬ್ಬಳ ಮನೆಗೆ ಬರಬೇಕಾಯಿತು. ಆಮೇಲೆ ಪಾತ್ರೆಯ ಅಂಚಿಗೆ ಹತ್ತಿ ಕೆಂಪಗೆ ಗರಿಗರಿಯಾಗಿದ್ದ ಮೂಲೆಯನ್ನು ಕೈಯಾರೆ ಬಿಡಿಸಿ, "ಇದು ಮಾಡಿದೋಳಿಗೆ" ಎಂದು ಅವಳ ತಟ್ಟೆಗೆ ಹಾಕಿದಿರಿ. ಹಾಗಾದರೆ ಹತ್ತೊಂಬತ್ತು ವರ್ಷ ನಾನು ಮಾಡಿದ್ದೇನು?

ವಾಪಸು ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವಳನ್ನು ಬೈದೆ. ಸೋಮಾರಿ, ನಾಟಕದವಳು, ಬಣ್ಣದ ಮಾತಿನವಳು. ಮನೆ ತಲುಪಿದ ಮೇಲೆ ಮಗಳು ಒಂದು ಚೀಟಿ ಕೊಟ್ಟಳು. ಚಿಕ್ಕಮ್ಮನ ಹತ್ತಿರ ಮಾಡುವ ವಿಧಾನ ಬರೆಸಿಕೊಂಡು ಬಂದಿದ್ದಳು. ಹಿಂಬದಿಯಲ್ಲಿ ನನಗೆಂದೇ ಬರೆದದ್ದಿತ್ತು: "ಅಕ್ಕಾ, ನಿಂತ್ಕೊಂಡು ಒಂದೊಂದೇ ಬಿಸಿ ಬಡಿಸೋಕೆ ನಂಗಾಗಲ್ಲ ಅಂತ ಅತ್ತೆ ಬಂದ ವಾರದಲ್ಲೇ ಹೇಳಿಬಿಟ್ಟೆ. ಎರಡು ದಿನ ಮುಖ ಊದಿಸ್ಕೊಂಡಿದ್ರು. ಮೂರನೇ ದಿನ ಎರಡು ಸಲ ಹಾಕಿಸ್ಕೊಂಡ್ರು." ಅಷ್ಟೇ. ಒಂದು ಮಾತು! ಮೈಕಿಲ್ಲ, ಘೋಷಣೆಯಿಲ್ಲ, ಬಿಸಿಲಲ್ಲಿ ಇಪ್ಪತ್ತಾರು ದಿನವಿಲ್ಲ. ನನ್ನ ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ಮಾಲೀಕನಿಗೆ ಹೆದರದವಳು ನಿಮ್ಮ ಊದಿದ ಮುಖಕ್ಕೆ ಹೆದರಿದೆ. ನಾನು ಕೇಳಲಿಲ್ಲ, ಅದು ನನ್ನ ತಪ್ಪು. ಕೇಳದೆಯೇ ಕೊಡಬಹುದಿತ್ತು, ನೀವು ಕೊಡಲಿಲ್ಲ. ನಿಮ್ಮ ತಪ್ಪೇ ದೊಡ್ಡದು, ಯಾಕೆಂದರೆ ನಿಂತವರ ನೋವು ನಿಮಗೆ ಗೊತ್ತಿತ್ತು. ಮಂಡಿ ಸವೆದದ್ದು ವಯಸ್ಸಿನಿಂದ ಎಂದು ಡಾಕ್ಟರು ಹೇಳಿದರು. ನಾನು ಒಪ್ಪುವುದಿಲ್ಲ. ಒಲೆಯ ಮುಂದೆ ನೆಲದ ಬಣ್ಣ ಎರಡು ಪಾದದಗಲ ಎದ್ದುಹೋಗಿದೆ. ಅರ್ಧ ಸವೆಸಿದವರು ನೀವು, ಮಿಕ್ಕರ್ಧ ನಾನು.

ಇವತ್ತು ಬೆಳಿಗ್ಗೆ ಕತ್ತರಿ ತನ್ನ ಮನೆಯ ಓವನ್ನನ್ನೇ ಹೊತ್ತುಕೊಂಡು ಬಂದು ಇಲ್ಲಿಟ್ಟು ಹೋದಳು, "ಧರಣಿ ಶುರು ಮಾಡು" ಅಂತ. ಚೀಟಿ ನೋಡಿಕೊಂಡು ಪದರ ಹಾಕಿ ಹನ್ನೊಂದೂಕಾಲಿಗೆ ಬಾಗಿಲು ಮುಚ್ಚಿದೆ. ಆಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ. ಕೈ ಖಾಲಿ! ಸಿಂಕು ಉಜ್ಜಿದೆ. ಉಜ್ಜಿದ್ದನ್ನೇ ಇನ್ನೊಮ್ಮೆ ಉಜ್ಜಿದೆ. "ಅಮ್ಮಾ, ಅದು ಬೇಯ್ತಾ ಇದೆ, ಜೊತೆಗೆ ನೀನೂ ಬೇಯಬೇಕಾಗಿಲ್ಲ, ಕೂತ್ಕೋ" ಎಂದು ಮಗಳು ಗದರಿದಳು. ಹಾಗೆ ಕೂತು ಬರೆದದ್ದು ಈ ಪತ್ರ. ಬರೆಯುತ್ತಲೇ ಮೂರು ಸಲ ಎದ್ದು ಓವನ್ ಮುಂದೆ ನಿಂತು ಬಂದಿದ್ದೇನೆ. ಕಾಲಿಗೆ ಇನ್ನೂ ನಂಬಿಕೆ ಬಂದಿಲ್ಲ.

ಅಲ್ಲಿ ಎಲ್ಲರಿಗೂ ನನ್ನ ನೆನಪು ತಿಳಿಸಿ. ನಿಮ್ಮ ಕಿರಿಸೊಸೆಗೂ ತಿಳಿಸಿ, ಸ್ವಲ್ಪ ಕಡಿಮೆ. ಕಾಲು ಜೋಪಾನ.

ಇನ್ನೂ ಉರಿಯುತ್ತಿರುವ,
ನಿಮ್ಮ ಹಿರಿಸೊಸೆ

ತಾ.ಕ.: ಓವನ್ನಿನ ಗಂಟೆ ಹೊಡೆಯಿತು, ಪಾತ್ರೆ ಮೇಜಿನ ಮೇಲಿದೆ, ಎಲ್ಲರೂ ಕರೆಯುತ್ತಿದ್ದಾರೆ. ಇಷ್ಟು ವರ್ಷ ನನ್ನ ಬ್ಯಾಗು ನೇತುಹಾಕುತ್ತಿದ್ದ ಕುರ್ಚಿಯಲ್ಲಿ ನಾನೇ ಕೂತೆ. ಅದರ ನೇರ ಎದುರಿಗೆ ನಿಮ್ಮ ಕುರ್ಚಿ ಬರುತ್ತದೆ ಅಂತ ಇವತ್ತೇ ಗೊತ್ತಾದದ್ದು. ಖಾಲಿ ಇದೆ, ನೋಡಲಾಗುತ್ತಿಲ್ಲ. ಬರುವ ಭಾನುವಾರ ನಿಮ್ಮ ಮಗನನ್ನು ಕಳಿಸುತ್ತೇನೆ, ಹೊರಟು ಬನ್ನಿ. ನಾನು ಇನ್ನು ನಿಂತು ಬಡಿಸುವುದಿಲ್ಲ. ಬೇಕಾದರೆ ಎರಡು ದಿನ ಮುಖ ಊದಿಸಿಕೊಳ್ಳಿ, ತಡೆದುಕೊಳ್ಳುತ್ತೇನೆ. ದಿನಾ ನಲವತ್ತೈದು ನಿಮಿಷ ನಿಮ್ಮ ಮಂಡಿ ನನ್ನ ಕೈಯಲ್ಲಿ. ಈಗ ಮಗಳು ಗರಿಗರಿ ಮೂಲೆಯನ್ನು ಬಿಡಿಸಿ ನನ್ನ ತಟ್ಟೆಗೆ ಹಾಕಲು ಬಂದಳು. ಬೇಡ ಅಂದೆ. ಅದನ್ನು ನೀವು ಬಂದು ಹಾಕಬೇಕು.