ಕಮಾನಿಗೆ ಸಿಕ್ಕಿಕೊಂಡ ಬಸ್ಸು

ಮಾರ್ಚ್ ೧೪, ಶನಿವಾರ

ನಮ್ಮ ಯಜಮಾನರ ಹೊಸ ಹವ್ಯಾಸ ಇವತ್ತು ಗೇಟಿನ ಕಮಾನಿಗೆ ಸಿಕ್ಕಿಕೊಂಡಿತು. ಗುಜರಿಗೂ ಬೇಡವಾದ ಹಳೇ ಸ್ಕೂಲ್ ಬಸ್ಸನ್ನು ಕೊಂಡು ತಂದ ಮಹಾಶಯರು ಗೇಟಿನ ಅಗಲ ಅಳೆದಿದ್ದರಂತೆ, ಎತ್ತರ ಹೊಳೆಯಲೇ ಇಲ್ಲವಂತೆ. ಕೊನೆಗೆ ಮೆಕ್ಯಾನಿಕ್ ಬಂದು, ಟೈರುಗಳ ಗಾಳಿ ಬಿಟ್ಟು, ಬಸ್ಸನ್ನು ತಗ್ಗಿಸಿ ಒಳಗೆ ತಳ್ಳಿಸಿದ.

ಇವರಿಗೆ ನಾಚಿಕೆಯಾದರೂ ಆಯಿತೇ? ಡ್ರೈವರ್ ಸೀಟಿನಲ್ಲಿ ಕೂತು, ರಾತ್ರಿ ಪಾಳಿಗೆ ಹೊರಟಿದ್ದ ಮಗಳಿಗೆ ಹಾರನ್ ಹೊಡೆದರು.

"ಬಾ ಪುಟ್ಟಿ, ಬಸ್ ಹತ್ತು, ಗಾಳಿ ಹಾಕಿಸಿ ನಾನೇ ಬಿಟ್ಟು ಬರ್ತೀನಿ."

ಚಿಕ್ಕವಳಿದ್ದಾಗ ಶಾಲೆಯ ಬಸ್ಸು ತಪ್ಪಿದರೆ, ಅವಳನ್ನು ಬಿಟ್ಟು ಬರಲು ಪುರುಸೊತ್ತಿಲ್ಲ ಎನ್ನುತ್ತಿದ್ದುದು ಇದೇ ಬಾಯಿ.

"ಬೇಡಪ್ಪ, ನಡ್ಕೊಂಡೇ ಹೋಗ್ತೀನಿ. ಅಭ್ಯಾಸ ಇದೆಯಲ್ಲ," ಎಂದು ಹೊರಟೇ ಹೋದಳು.

ಆಗಿನಿಂದ ಸ್ಟೀರಿಂಗ್ ಹಿಡಿದು ಅಲ್ಲೇ ಕೂತಿದ್ದಾರೆ. ಊಟಕ್ಕೆ ಕರೆಯಬಹುದಿತ್ತು. ನನಗೂ ಪುರುಸೊತ್ತಿಲ್ಲ.