ಐಸಿಗೆ ಹಾಕಿದ ಬೆರಳು

ಪ್ರೀತಿಯ ತಮ್ಮ ಒಗುತು,

ನಿನ್ನ ಮನೆ ಇಲ್ಲಿಂದ ಕೂಗಳತೆಯಲ್ಲಿದೆ. ಆದರೂ ಕಾಗದ ಬರೆಯುತ್ತಿದ್ದೇನೆ. ನಿನ್ನ ಮುಖ ನೋಡಿಕೊಂಡು ಇದನ್ನು ಹೇಳುವ ಧೈರ್ಯ ನನಗಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದೇನೆ.

ಆರು ವರ್ಷದ ಹಿಂದಿನ ಆ ಮಧ್ಯಾಹ್ನ ನಿನಗೆಷ್ಟು ನೆನಪಿದೆಯೋ ಕಾಣೆ. ಚರ್ಚಿನಲ್ಲಿ ನಿನ್ನ ಮದುವೆಯಾಗಿ ಮೂರೇ ವಾರ. ದಡ ಮುಟ್ಟಿದ ದೋಣಿಯಿಂದ ನೀನು ಎಂದಿನಂತೆ ಕೆಳಗೆ ಹಾರಿದೆ. ಮದುವೆಯ ಉಂಗುರ ದೋಣಿಯಂಚಿನ ಕೊಕ್ಕೆಗೆ ಸಿಕ್ಕಿತು. ನೀನು ಕೆಳಗೆ ಬಂದೆ, ಬೆರಳು ಮೇಲೆಯೇ ಉಳಿಯಿತು.

ಮೀನು ಹುರಿಯುವ ಅಕುಮು ಒಗೆದ ಬಟ್ಟೆ ಹಿಡಿದು ಓಡಿಬಂದಳು. "ಐಸಲ್ಲಿ ಹಾಗೇ ಹಾಕ್ಬೇಡ ಕಣೇ ಅಪೊಂಡಿ! ಒದ್ದೆಬಟ್ಟೇಲಿ ಸುತ್ತಿ, ಚೀಲಕ್ಕೆ ಹಾಕಿ, ಆಮೇಲೆ ಐಸ್ ಮೇಲಿಡು!"

"ಹದಿನೆಂಟು ವರ್ಷದಿಂದ ಮೀನು ಮಾರ್ತಾ ಐಸಲ್ಲೇ ಕೈಯಿಟ್ಕೊಂಡು ಬದುಕಿದೀನಿ, ನನಗೇ ಪಾಠಾನಾ? ನಿನ್ನ ಬಾಣಲೆ ನೋಡ್ಕೋ ಹೋಗೇ" ಎಂದೆ. ಮೀನಿನ ಪೆಟ್ಟಿಗೆ ತೆರೆದು ಬೆರಳನ್ನು ಐಸಿನೊಳಗೆ ಹೂತೆ. ಅಂಥ ಹೊತ್ತಿನಲ್ಲೂ ನನಗೆ ಒಂದಿಷ್ಟು ಜಂಬವಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದರು. "ದೊಡ್ಡಾಸ್ಪತ್ರೆಗೆ ಕಳಿಸಿ ಜೋಡಿಸೋಕೆ ನೋಡಬಹುದಿತ್ತಮ್ಮ. ಬರೀ ಐಸಲ್ಲಿಟ್ಟು ಮಾಂಸವೆಲ್ಲ ಸತ್ತುಹೋಗಿದೆ. ಬಟ್ಟೆ ಸುತ್ತಿ ಚೀಲದಲ್ಲಿ ತರಬೇಕಿತ್ತು" ಎಂದರು. ಒಳಗೆ ಬಂದು ನಾನು ನಿನಗೆ ಹೇಳಿದ್ದೇನು? "ಪೂರ್ತಿ ಜಜ್ಜಿಹೋಗಿತ್ತಂತೆ, ಯಾರೇನು ಮಾಡಿದ್ರೂ ಉಳೀತಿರ್ಲಿಲ್ವಂತೆ." ನೀನು ನನ್ನ ಕೈಹಿಡಿದು ಅತ್ತೆ.

ಗಾಯಕ್ಕೆ ಹೊಲಿಗೆ ಹಾಕಿ ಕಳಿಸಿದರು. ನಿನ್ನ ಎಂಟು ತಂತಿಯ ನ್ಯಾತಿತಿ ಗೋಡೆ ಸೇರಿತು. ಯಾರ ಮದುವೆಯಲ್ಲೂ ನೀನು ಮತ್ತೆ ಅದನ್ನು ನುಡಿಸಲಿಲ್ಲ. ಆದರೂ ಬೆರಳನ್ನು ಐಸಿಗೆ ಹಾಕಿದ ಜಾಣೆ ಎಂದು ಸಿಕ್ಕವರ ಮುಂದೆಲ್ಲ ನನ್ನನ್ನು ಹೊಗಳಿದೆ. ಬಟ್ಟೆ ಸುತ್ತು ಎಂದ ಅಕುಮುವಿಗೆ ನೀನೇ ಚಿಂದಿ ಡಾಕ್ಟರಮ್ಮ ಎಂದು ಹೆಸರಿಟ್ಟೆ. ದಡವೆಲ್ಲ ನಕ್ಕಿತು, ನಾನೂ ನಕ್ಕೆ.

ಮೊನ್ನೆ ಗುರುವಾರ ಮೀನಿನ ಲಾರಿಯಿಂದ ಇಳಿಯುವಾಗ ಹುಡುಗ ಓಬುರನ ಉಂಗುರ ಬಾಗಿಲ ಚಿಲಕಕ್ಕೆ ಸಿಕ್ಕಿ ಬೆರಳು ಕಿತ್ತುಬಂತಲ್ಲ, ನೀನೇ ಮೊದಲು ಓಡಿದೆ. "ನಮ್ಮಕ್ಕ ಮಾಡಿದ ಹಾಗೇ ಮಾಡ್ರೋ! ಐಸಿಗೆ ಹಾಕ್ರೋ!" ಅಕುಮು ಒಮ್ಮೆ ನನ್ನ ಕಡೆ ನೋಡಿ, ತುಟಿ ಕಚ್ಚಿಕೊಂಡು ಬಾಣಲೆಗೆ ತಿರುಗಿದಳು. ಅವಳು ಯಾಕೆ ಮಾತಾಡಬೇಕು? ಮಾತಾಡಬೇಕಿದ್ದವಳು ನಾನು. ಹಾಗೆ ಹಾಕಬೇಡಿ ಎಂದರೆ, "ನಿನಗೆ ಹೇಗೆ ಗೊತ್ತು?" ಎಂದು ನೀನು ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತ ನಿಂತೆ. ಅಷ್ಟರಲ್ಲಿ ಓಬುರನನ್ನು ಕೂರಿಸಿಕೊಂಡ ಮೋಟಾರ್ ಸೈಕಲ್ಲು ಆಸ್ಪತ್ರೆಗೆ ಹೊರಟುಹೋಯಿತು.

ಸಂಜೆ ನೀನು ಬಂದು ನನ್ನ ಹೊಸ್ತಿಲ ಮೇಲೆ ಕುಳಿತೆ. "ಡಾಕ್ಟರ್ ಬೈದ್ರು ಕಣಕ್ಕಾ. ಐಸಲ್ಲಿ ಹಾಗೇ ಹಾಕ್ಬಾರ್ದಂತೆ. ಓಬುರನ ಬೆರಳು ಹೋಯ್ತು. ನಂದೂ ಹಂಗೇ ಹೋಗಿರ್ಬೇಕು." ನಾನು ಬಿಕ್ಕಿದೆ. ನೀನೋ, ನಾಲ್ಕು ಬೆರಳಿನ ಆ ಕೈಯಿಂದ ನನ್ನ ಬೆನ್ನು ಸವರಿ, "ಅಳಬೇಡ ಬಿಡಕ್ಕಾ, ನಿನಗೇನು ಗೊತ್ತಿತ್ತು ಪಾಪ" ಎಂದೆ.

ಗೊತ್ತಿತ್ತು ಒಗುತು. ನಿನ್ನ ಬೆರಳು ಹೋಗುವಾಗ ಗೊತ್ತಿರಲಿಲ್ಲ, ಓಬುರನದು ಹೋಗುವಾಗ ಗೊತ್ತಿತ್ತು.

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನಾನು ಓಬುರನ ತಾಯಿಯ ಮುಂದೆ ನಿಂತಿರುತ್ತೇನೆ. ಅಲ್ಲಿಂದ ಅಕುಮುವಿನ ಬಳಿಗೆ. ನೀನು ನನ್ನನ್ನು ಅಕ್ಕಾ ಎಂದು ಕರೆಯದಿದ್ದರೂ, ಒಳ್ಳೆಯದೆಲ್ಲ ನಿನಗೇ ಆಗಲಿ.

ಕ್ಷಮೆ ಕೇಳಲೂ ಮುಖವಿಲ್ಲದ,
ಅಪೊಂಡಿ